ವಿನಾಶವಾಚಕ ಇಂಗ್ಲಿಷ್ ಪದಗಳು: ಅರ್ಥ, ಪ್ರಯೋಗ ಮತ್ತು ಕನ್ನಡ ಅನುವಾದದ ಸಮಸ್ಯೆಗಳು

ನಾಶವನ್ನು ಸೂಚಿಸುವ ಪದಸಮೂಹ ಎಲ್ಲ ಭಾಷೆಗಳಲ್ಲಿಯೂ ಸಮೃದ್ಧವಾಗಿರುತ್ತದೆ. ಯುದ್ಧ, ಬೆಂಕಿ, ಪ್ರವಾಹ, ರೋಗ, ಕ್ಷಾಮಗಳನ್ನು ಕಾಣದ ಜನಸಮುದಾಯವಿಲ್ಲ. ಆದುದರಿಂದ ಅವುಗಳ ಪರಿಣಾಮಕ್ಕೆ ಹೆಸರಿಡದ ಭಾಷೆಯೂ ಇಲ್ಲ. ಇಂಗ್ಲಿಷಿನಲ್ಲಿ ಈ ಪದಸಮೂಹ ವಿಶೇಷವಾಗಿ ವಿಸ್ತಾರಗೊಂಡಿದೆ. ಲ್ಯಾಟಿನ್, ಗ್ರೀಕ್, ಫ್ರೆಂಚ್ ಮೂಲದ ಶಬ್ದಗಳು ಆ ಭಾಷೆಯ ದೇಶ್ಯ ಪದಗಳೊಡನೆ ಸೇರಿಕೊಂಡು ಬೆಳೆದುದು ಇದಕ್ಕೆ ಮುಖ್ಯ ಕಾರಣ. ಪೀಟರ್ ಮಾರ್ಕ್ ರೋಜೆ 1852ರಲ್ಲಿ ಪ್ರಕಟಿಸಿದ ಪರ್ಯಾಯಪದಕೋಶದಲ್ಲಿ ಉತ್ಪಾದನೆ ಮತ್ತು ವಿನಾಶಗಳನ್ನು ಎದುರುಬದುರಾದ ಎರಡು ಶೀರ್ಷಿಕೆಗಳಾಗಿ ಇಟ್ಟು, ಎರಡನೆಯದರ ಅಡಿಯಲ್ಲಿ ಹಲವಾರು ಶಬ್ದಗಳನ್ನು ಪೋಣಿಸಿದನು.

ಈ ಶಬ್ದಗಳು ಕನ್ನಡಕ್ಕೆ ಬರುವಾಗ ಸಾಮಾನ್ಯವಾಗಿ ನಾಶ, ಹಾಳು, ಧ್ವಂಸ, ನಿರ್ಮೂಲನ ಎಂಬ ನಾಲ್ಕಾರು ಪದಗಳಲ್ಲಿ ಅಡಕವಾಗಿಬಿಡುತ್ತವೆ. ಸಾಹಿತ್ಯಕೃತಿಯ ಅನುವಾದದಲ್ಲಿ ಇದರಿಂದ ಆಗುವ ನಷ್ಟ ಶೈಲಿಗೆ ಸಂಬಂಧಿಸಿದುದು. ಆದರೆ ನ್ಯಾಯಾಲಯದ ತೀರ್ಪು, ಆರೋಗ್ಯ ಇಲಾಖೆಯ ಪ್ರಕಟಣೆ, ಪ್ರವಾಹ ಪರಿಹಾರದ ಆದೇಶ ಮೊದಲಾದವುಗಳಲ್ಲಿ ಒಂದು ಪದದ ಬದಲು ಇನ್ನೊಂದನ್ನು ಬಳಸಿದರೆ ಜನರ ಹಕ್ಕುಗಳೂ ತಿಳಿವಳಿಕೆಯೂ ವ್ಯತ್ಯಾಸಗೊಳ್ಳುತ್ತವೆ. ಪ್ರಸ್ತುತ ಲೇಖನದಲ್ಲಿ ಇಂಗ್ಲಿಷಿನ ಪ್ರಮುಖ ವಿನಾಶವಾಚಕ ಪದಗಳ ನಿಷ್ಪತ್ತಿ, ಅರ್ಥವಿಕಾಸ ಮತ್ತು ಪ್ರಯೋಗಗಳನ್ನು ಪರಿಶೀಲಿಸಿ, ಕನ್ನಡದ ಸಮಾನಪದಗಳೊಡನೆ ಅವುಗಳ ಹೊಂದಾಣಿಕೆ ಎಷ್ಟರಮಟ್ಟಿನದು ಎಂಬುದನ್ನು ವಿವರಿಸಲಾಗಿದೆ.

ಕಟ್ಟುವ ಕ್ರಿಯೆಯ ವಿರುದ್ಧಪದಗಳು

ಈ ವರ್ಗದ ಮುಖ್ಯ ಪದ 'ಡಿಸ್ಟ್ರಾಯ್'. ಇದರ ಮೂಲ ಲ್ಯಾಟಿನ್ನಿನ 'ದೇಸ್ತ್ರುಎರೆ'. 'ಸ್ತ್ರುಎರೆ' ಎಂದರೆ ಪೇರಿಸು, ಕಟ್ಟು ಎಂದರ್ಥ. 'ದೇ' ಎಂಬ ಉಪಸರ್ಗ ಆ ಕ್ರಿಯೆಯನ್ನು ಹಿಮ್ಮುಖಗೊಳಿಸುತ್ತದೆ. ಹಳೆಯ ಫ್ರೆಂಚಿನ ಮೂಲಕ ಇದು ಮಧ್ಯಕಾಲದ ಇಂಗ್ಲಿಷನ್ನು ಪ್ರವೇಶಿಸಿತು. 'ಸ್ಟ್ರಕ್ಚರ್', 'ಕನ್‌ಸ್ಟ್ರಕ್ಟ್', 'ಇನ್‌ಸ್ಟ್ರಕ್ಟ್' ಮುಂತಾದವು ಇದೇ ಧಾತುವಿನಿಂದ ಬಂದವು. 'ಡೆಮಾಲಿಶ್' ಪದದ ರಚನೆಯೂ ಇಂಥದೇ. ಅದರ ಮೂಲದಲ್ಲಿರುವ 'ಮೋಲೆಸ್' ಎಂದರೆ ದೊಡ್ಡ ರಾಶಿ ಅಥವಾ ಭಾರವಾದ ಕಟ್ಟಡ. ಹೀಗೆ ಈ ಎರಡೂ ಪದಗಳಿಗೆ ನಾಶವೆಂದರೆ ಕಟ್ಟಿದ್ದನ್ನು ಬಿಚ್ಚುವುದು. ಇಂದಿನ ಬಳಕೆಯಲ್ಲಿ 'ಡೆಮಾಲಿಶ್' ಹೆಚ್ಚಾಗಿ ಕಟ್ಟಡಗಳಿಗೂ, ಲಕ್ಷಣೆಯಿಂದ ಎದುರಾಳಿಯ ವಾದಗಳಿಗೂ ಸೀಮಿತವಾಗಿದೆ; ಅದರಲ್ಲಿ ಯೋಜಿತ ಕಾರ್ಯವೆಂಬ ಧ್ವನಿಯಿದೆ. ನಗರಸಭೆ ಅನಧಿಕೃತ ಕಟ್ಟಡವನ್ನು 'ಡೆಮಾಲಿಶ್' ಮಾಡುತ್ತದೆ. ಭೂಕಂಪ ಅದನ್ನು 'ಡಿಸ್ಟ್ರಾಯ್' ಮಾಡುತ್ತದೆ. ಕನ್ನಡದ 'ಕೆಡವು' ಮತ್ತು 'ನೆಲಸಮ ಮಾಡು' ಎಂಬ ಪ್ರಯೋಗಗಳು ಮೊದಲನೆಯದಕ್ಕೆ ಸರಿಯಾಗಿ ಒಪ್ಪುತ್ತವೆ. 'ರೇಝ್' ಎಂಬ ಪದ ಕೆರೆಯುವುದು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ಕ್ಷೌರದ ಕತ್ತಿಗೆ ಇರುವ 'ರೇಜರ್' ಎಂಬ ಹೆಸರೂ ಅದೇ ಧಾತುವಿನದು. ನೆಲವನ್ನು ಬೋಳಿಸಿದಂತೆ ಕಟ್ಟಡವನ್ನು ಇಲ್ಲವಾಗಿಸುವುದು ಅದರ ಭಾವ.

'ರೂಯಿನ್' ಪದದ ನೆಲೆ ಬೇರೆ. ಲ್ಯಾಟಿನ್ನಿನ 'ರುಎರೆ' ಎಂದರೆ ಬೀಳು, ಕುಸಿ. ಇಲ್ಲಿ ಕಟ್ಟಡ ತಾನಾಗಿ ಬೀಳುತ್ತದೆ, ಕೆಡವಿದವನ ಪ್ರಸ್ತಾಪವಿಲ್ಲ. ಬಹುವಚನದಲ್ಲಿ ಈ ಪದ ಅವಶೇಷಗಳನ್ನು ಸೂಚಿಸುತ್ತದೆ. ಕಾಲಕ್ರಮದಲ್ಲಿ ಶಿಥಿಲವಾದ ನಗರಕ್ಕೂ ಶತ್ರುಸೈನ್ಯ ಸುಟ್ಟ ನಗರಕ್ಕೂ ಇಂಗ್ಲಿಷ್ ಇದೊಂದೇ ಪದವನ್ನು ಬಳಸುವುದರಿಂದ ಕರ್ತೃವಿನ ಹೊಣೆ ಮರೆಯಾಗುವ ಸಾಧ್ಯತೆಯಿದೆ. ವಿಜಯನಗರದ ಉದಾಹರಣೆ ಇಲ್ಲಿ ಉಚಿತ. 1565ರ ಯುದ್ಧದ ನಂತರ ಸೂರೆಗೊಂಡ ಆ ರಾಜಧಾನಿಯನ್ನು ಕನ್ನಡಿಗರು 'ಹಾಳು ಹಂಪೆ' ಎಂದು ಕರೆದರು. 1986ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಅದರ ಅಧಿಕೃತ ಹೆಸರಿನಲ್ಲಿ ಬಂದುದು ಸ್ಮಾರಕಗಳ ಸಮೂಹ ಎಂಬ ಅರ್ಥದ ಪದ. ಹಾಳು, ಅವಶೇಷ, ಸ್ಮಾರಕ ಎಂಬ ಮೂರು ಪದಗಳೂ ಅದೇ ಕಲ್ಲುಗಳನ್ನೇ ನಿರ್ದೇಶಿಸುತ್ತವೆ. ಮೊದಲನೆಯದರಲ್ಲಿ ದುಃಖವಿದೆ, ಎರಡನೆಯದರಲ್ಲಿ ಪುರಾತತ್ತ್ವದ ದೃಷ್ಟಿಯಿದೆ, ಮೂರನೆಯದರಲ್ಲಿ ರಕ್ಷಣೆಯ ಹೊಣೆಯಿದೆ.

ಬರಿದಾಗಿಸುವುದು ಮತ್ತು ಸೂರೆಗೈಯುವುದು

'ಡೆವಾಸ್ಟೇಟ್' ಪದದ ಮೂಲ 'ವಾಸ್ತುಸ್' ಎಂಬ ಲ್ಯಾಟಿನ್ ವಿಶೇಷಣ. ಅದರ ಅರ್ಥ ಬರಿದಾದ, ಜನಶೂನ್ಯವಾದ ಎಂದು. ವಿಶಾಲ ಎಂಬರ್ಥದ 'ವಾಸ್ಟ್' ಪದವೂ ಇದರಿಂದಲೇ ಬಂದಿತು. 'ವೇಸ್ಟ್' ಪದವೂ ಇದೇ ಮೂಲಕ್ಕೆ ಸೇರಿದುದು. ಆದುದರಿಂದ 'ಡೆವಾಸ್ಟೇಟ್' ಕ್ರಿಯೆಗೆ ಸಹಜವಾದ ಕರ್ಮ ಒಂದು ವಸ್ತುವಿಗಿಂತ ಒಂದು ಪ್ರದೇಶ: ನಾಡು, ಕರಾವಳಿ, ನಗರ, ಬೆಳೆಯ ಬಯಲು. 20ನೆಯ ಶತಮಾನದಲ್ಲಿ ಇದು ಮನಸ್ಸಿಗೂ ಅನ್ವಯವಾಗಿ, ಆಪ್ತರ ಮರಣದಿಂದ ಕುಸಿದವರನ್ನು ವರ್ಣಿಸಲು ಬಳಕೆಯಾಗುತ್ತಿದೆ. ಅಂಥಲ್ಲಿ 'ನಾಶವಾದರು' ಎಂಬ ಅನುವಾದ ಹಾಸ್ಯಾಸ್ಪದವಾಗುತ್ತದೆ; 'ಕಂಗೆಟ್ಟರು', 'ಕುಸಿದುಹೋದರು' ಎಂಬುವು ಸೂಕ್ತ.

ಕನ್ನಡದ 'ಹಾಳು' ಈ ಪದಕ್ಕೆ ಅತಿ ಸಮೀಪದ್ದು. ಹಳಗನ್ನಡದ 'ಪಾೞ್' ಎಂಬುದರಿಂದ ಪಕಾರ ಹಕಾರವಾಗಿ, ೞಕಾರ ಳಕಾರವಾಗಿ ಬಂದ ಈ ಪದದ ಮೂಲಾರ್ಥವೂ ಬರಿದು, ಬೀಡು ಎಂದೇ. 'ಪಾಳುಭೂಮಿ', 'ಪಾಳುಬಿದ್ದ ಗುಡಿ' ಎಂಬಲ್ಲಿ ಹಳೆಯ ಪಕಾರ ಇಂದಿಗೂ ಉಳಿದಿದೆ. ಜನರು ತೊರೆದ ಊರನ್ನು 'ಹಾಳೂರು' ಎನ್ನುವುದುಂಟು. ಕಂದಾಯದ ದಾಖಲೆಗಳಲ್ಲಿ ಇಂಥ ಗ್ರಾಮಕ್ಕೆ 'ಬೇಚಿರಾಕ್' ಎಂಬ ಪಾರಸಿ ಮೂಲದ ಹೆಸರಿದೆ. ದೀಪವಿಲ್ಲದ್ದು ಎಂಬುದು ಅದರ ಶಬ್ದಾರ್ಥ. ಮನೆಗಳು ನಿಂತಿದ್ದರೂ ದೀಪ ಹಚ್ಚುವವರಿಲ್ಲದಿದ್ದರೆ ಊರು ಹಾಳೇ ಸರಿ ಎಂಬ ಈ ಭಾವ 'ಡಿಸ್ಟ್ರಾಯ್' ಪದದಲ್ಲಿ ಕಾಣುವುದಿಲ್ಲ. ಅಲ್ಲಿ ಕಟ್ಟಡ ಬೀಳಬೇಕು. ಇಲ್ಲಿ ಬದುಕು ನಿಂತರೆ ಸಾಕು. 'ಮನೆಹಾಳ', 'ಹಾಳಾದವನು' ಎಂಬ ಬೈಗುಳಗಳ ತೀವ್ರತೆಗೂ ಇದೇ ಕಾರಣವಿರಬೇಕು.

'ರ‍್ಯಾವೇಜ್' ಪದ ಕಸಿದುಕೊಳ್ಳುವುದು ಎಂಬರ್ಥದ ಫ್ರೆಂಚ್ ಧಾತುವಿನಿಂದ ಬಂದುದು. 'ಹ್ಯಾವಕ್' ಮೂಲತಃ ಸೈನಿಕರಿಗೆ ಕೊಡುತ್ತಿದ್ದ ಒಂದು ಕೂಗು. ಸೂರೆಗೆ ಅನುಮತಿ ದೊರೆತಿದೆ ಎಂಬುದರ ಸಂಕೇತ. ಇಂಗ್ಲೆಂಡಿನ ಎರಡನೆಯ ರಿಚರ್ಡನ ಕಾಲದ, 1385ರ ಯುದ್ಧನಿಯಮಗಳು ಅಪ್ಪಣೆಯಿಲ್ಲದೆ ಹಾಗೆ ಕೂಗುವುದನ್ನು ನಿಷೇಧಿಸಿದ್ದವು. ಆದೇಶದ ಹೆಸರು ಕ್ರಮೇಣ ಅದರ ಪರಿಣಾಮದ ಹೆಸರಾಯಿತು. ಇಂದು ಮಳೆ, ಕೀಟ, ಗಣಕಯಂತ್ರದ ದೋಷ ಇವು ಯಾವುವಾದರೂ 'ಹ್ಯಾವಕ್' ಉಂಟುಮಾಡಬಲ್ಲವು. ಅಳಿವಿಗಿಂತ ಅಸ್ತವ್ಯಸ್ತತೆಯೇ ಅದರ ಪ್ರಧಾನಾರ್ಥ. ಕನ್ನಡದ 'ಅಲ್ಲೋಲಕಲ್ಲೋಲ' ಇದಕ್ಕೆ ಒಪ್ಪುವ ಪದ.

ಬೇರು, ಗಡಿ, ಅಕ್ಷರ, ಶೂನ್ಯ

ಸಂಪೂರ್ಣ ನಾಶವನ್ನು ಹೇಳುವ ನಾಲ್ಕು ಪದಗಳಲ್ಲಿ ನಾಲ್ಕು ಭಿನ್ನ ರೂಪಕಗಳಿವೆ. 'ಎರಾಡಿಕೇಟ್' ಪದದಲ್ಲಿ ಇರುವುದು ಬೇರು. ಬೇರುಸಹಿತ ಕೀಳುವುದು ಅದರ ಅರ್ಥ. ಸಂಸ್ಕೃತದ 'ನಿರ್ಮೂಲನ', 'ಉನ್ಮೂಲನ'ಗಳಲ್ಲಿಯೂ 'ಮೂಲ' ಎಂದರೆ ಬೇರೇ. 'ಎಕ್ಸ್‌ಟರ್ಮಿನೇಟ್' ಪದದಲ್ಲಿ ಇರುವುದು ಗಡಿ. ಗಡಿಯಿಂದ ಆಚೆಗೆ ಅಟ್ಟುವುದು ಎಂಬ ಮೂಲಾರ್ಥ ಕಾಲಾನಂತರದಲ್ಲಿ ಕೊಲ್ಲುವುದು ಎಂದಾಯಿತು. 'ಅಬ್ಲಿಟರೇಟ್' ಪದದಲ್ಲಿ ಇರುವುದು ಅಕ್ಷರ. ಬರಹವನ್ನು ಒರೆಸಿಹಾಕುವುದು ಅದರ ಭಾವ. ಕನ್ನಡದಲ್ಲಿ 'ಅಳಿ' ಎಂದರೆ ಇಲ್ಲವಾಗು. ಅದರ ಪ್ರೇರಣಾರ್ಥಕ ರೂಪವಾದ 'ಅಳಿಸು' ಬರಹವನ್ನು ಒರೆಸುವುದಕ್ಕೂ ಸಲ್ಲುತ್ತದೆ. ಎರಡು ಭಾಷೆಗಳು ಸ್ವತಂತ್ರವಾಗಿ ಅಕ್ಷರದ ಅಳಿವನ್ನೂ ಜೀವದ ಅಳಿವನ್ನೂ ಒಂದೇ ಪದದಲ್ಲಿ ಸೇರಿಸಿರುವುದು ಗಮನಾರ್ಹ. ಕನ್ನಡ ಶಾಸನಗಳ ಶಾಪಾಶಯಗಳಲ್ಲಿಯೂ ದತ್ತಿಯನ್ನು ಕೆಡಿಸುವವನಿಗೆ ಬಳಕೆಯಾಗಿರುವುದು 'ಅಳಿ' ಧಾತುವೇ. ಕಾಯುವವನು ಮತ್ತು ಅಳಿಯುವವನು ಎಂಬ ಎದುರುಜೋಡಿ ಅಲ್ಲಿ ರೂಢಿಗೊಂಡಿದೆ.

'ಅನೈಹಿಲೇಟ್' ಪದದಲ್ಲಿ ಇರುವುದು 'ನಿಹಿಲ್', ಅಂದರೆ ಏನೂ ಇಲ್ಲ. ನಿಷ್ಪತ್ತಿಯ ಪ್ರಕಾರ ಇದು ಎಲ್ಲಕ್ಕಿಂತ ತೀವ್ರವಾದ ಪದ. ಆದರೆ ಭೌತವಿಜ್ಞಾನವು ಅದನ್ನು ಪಾರಿಭಾಷಿಕವಾಗಿ ಸ್ವೀಕರಿಸಿದಾಗ ಅರ್ಥ ತಿರುವು ಪಡೆಯಿತು. 1932ರಲ್ಲಿ ಕಾರ್ಲ್ ಆಂಡರ್ಸನ್ ಪಾಸಿಟ್ರಾನನ್ನು ಪತ್ತೆಹಚ್ಚಿದನು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಸಂಧಿಸಿದಾಗ ಎರಡೂ ಕಣಗಳು ಇಲ್ಲವಾಗುತ್ತವೆ. ಆದರೆ ಅವುಗಳ ಶಕ್ತಿ ಸಾಮಾನ್ಯವಾಗಿ ತಲಾ 511 ಕಿಲೊ ಎಲೆಕ್ಟ್ರಾನ್ ವೋಲ್ಟಿನ ಎರಡು ಗಾಮಾ ಕಿರಣಗಳಾಗಿ ಹೊಮ್ಮುತ್ತದೆ. ಏನೂ ಉಳಿಯದ ಸ್ಥಿತಿಗೆ ಹುಟ್ಟಿದ ಪದವನ್ನು ಏನೂ ನಷ್ಟವಾಗದ ಪ್ರಕ್ರಿಯೆಗೆ ಬಳಸಲಾಗಿದೆ. ಇಂಥ ಸಂದರ್ಭದಲ್ಲಿ 'ಸರ್ವನಾಶ' ಎಂಬ ಅನುವಾದ ವಿಜ್ಞಾನದ ವಿದ್ಯಾರ್ಥಿಯನ್ನು ದಾರಿತಪ್ಪಿಸುತ್ತದೆ.

ಸಾರ್ವಜನಿಕ ಆರೋಗ್ಯದ ಕ್ಷೇತ್ರದಲ್ಲಿ ಈ ಗೊಂದಲ ಇನ್ನೂ ಗಂಭೀರವಾದುದು. ರೋಗಶಾಸ್ತ್ರಜ್ಞರು ನಾಲ್ಕು ಹಂತಗಳನ್ನು ಗುರುತಿಸುತ್ತಾರೆ. ರೋಗವನ್ನು ಸಹ್ಯವಾದ ಮಟ್ಟಕ್ಕೆ ಇಳಿಸುವುದು 'ಕಂಟ್ರೋಲ್'. ಒಂದು ಪ್ರದೇಶದಲ್ಲಿ ಹೊಸ ಪ್ರಕರಣಗಳನ್ನು ಇಲ್ಲವಾಗಿಸಿ, ಎಚ್ಚರಿಕೆಯ ಕ್ರಮಗಳನ್ನು ಮುಂದುವರಿಸುವುದು 'ಎಲಿಮಿನೇಷನ್'. ಜಗತ್ತಿನಾದ್ಯಂತ ಶಾಶ್ವತವಾಗಿ ಇಲ್ಲವಾಗಿಸಿ, ಕ್ರಮಗಳನ್ನೇ ನಿಲ್ಲಿಸಬಹುದಾದುದು 'ಎರಾಡಿಕೇಷನ್'. ರೋಗಾಣುವೇ ಪ್ರಕೃತಿಯಲ್ಲಿಯೂ ಪ್ರಯೋಗಾಲಯದಲ್ಲಿಯೂ ಉಳಿಯದಿರುವುದು 'ಎಕ್ಸ್‌ಟಿಂಕ್ಷನ್'. ಸಿಡುಬು ನಿರ್ಮೂಲನಗೊಂಡಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಘೋಷಿಸಿತು. ಆದರೆ ಅದರ ವೈರಾಣುವನ್ನು ಅಮೆರಿಕ ಮತ್ತು ರಷ್ಯಾಗಳ ಒಂದೊಂದು ಪ್ರಯೋಗಾಲಯದಲ್ಲಿ ಕಾಯ್ದಿರಿಸಲಾಗಿದೆ. ಅಂದರೆ ಮೂರನೆಯ ಹಂತ ತಲುಪಿದೆಯೇ ಹೊರತು ನಾಲ್ಕನೆಯದಲ್ಲ.

ಕುಷ್ಠರೋಗದ ಉದಾಹರಣೆ ಇದಕ್ಕಿಂತ ಬೋಧಪ್ರದವಾಗಿದೆ. ಭಾರತದ ರಾಷ್ಟ್ರೀಯ ಕಾರ್ಯಕ್ರಮದ ಹೆಸರಿನಲ್ಲಿ 1983ರಿಂದ 'ಎರಾಡಿಕೇಷನ್' ಎಂಬ ಪದವಿದೆ. 2005ರ ಡಿಸೆಂಬರಿನಲ್ಲಿ ರಾಷ್ಟ್ರಮಟ್ಟದಲ್ಲಿ ಸಾಧಿಸಲಾಯಿತೆಂದು ಹೇಳಿದುದು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಅದರ 'ಎಲಿಮಿನೇಷನ್' ಅನ್ನು. ಅದರ ಅಳತೆ 10,000 ಜನರಿಗೆ ಒಂದಕ್ಕಿಂತ ಕಡಿಮೆ ರೋಗಿ ಎಂಬುದು. ಕನ್ನಡದಲ್ಲಿ ಎರಡಕ್ಕೂ 'ನಿರ್ಮೂಲನೆ' ಎಂಬ ಪದವೇ ಬಳಕೆಯಲ್ಲಿದೆ. ಬೇರನ್ನೇ ಕಿತ್ತುಹಾಕಲಾಗಿದೆ ಎಂದು ಕೇಳಿದ ಜನಸಾಮಾನ್ಯರು ರೋಗ ಇಲ್ಲವೆಂದು ಭಾವಿಸುವುದು ಸಹಜ. ಆದರೆ ಅದರ ನಂತರದ ಬಹುತೇಕ ವರ್ಷಗಳಲ್ಲಿ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೊಸ ಪ್ರಕರಣಗಳು ಪತ್ತೆಯಾದವು. ಚರ್ಮದ ಮೇಲಿನ ಸ್ಪರ್ಶಜ್ಞಾನವಿಲ್ಲದ ಮಚ್ಚೆಯನ್ನು ಕಡೆಗಣಿಸಿ ತಡವಾಗಿ ಚಿಕಿತ್ಸೆಗೆ ಬಂದರೆ ಅಂಗವೈಕಲ್ಯ ಉಳಿಯುವ ಈ ರೋಗದಲ್ಲಿ, ಪದವೊಂದು ಉಂಟುಮಾಡುವ ತಪ್ಪು ಭರವಸೆ ಅಪಾಯಕಾರಿ. 2020ರಿಂದ ಕ್ಷಯರೋಗದ ರಾಷ್ಟ್ರೀಯ ಕಾರ್ಯಕ್ರಮದ ಹೆಸರಿಗೂ 'ಎಲಿಮಿನೇಷನ್' ಸೇರಿರುವುದರಿಂದ ಈ ಎಚ್ಚರ ಇನ್ನಷ್ಟು ಅಗತ್ಯ. 'ನಿವಾರಣೆ' ಎಂಬ ಪದವನ್ನು ಎರಡನೆಯ ಹಂತಕ್ಕೂ 'ನಿರ್ಮೂಲನೆ'ಯನ್ನು ಮೂರನೆಯದಕ್ಕೂ ಸ್ಥಿರಗೊಳಿಸಿದರೆ ಗೊಂದಲ ಬಹುಮಟ್ಟಿಗೆ ತಗ್ಗುತ್ತದೆ.

ಎಣಿಕೆಯಿಂದ ಹುಟ್ಟಿದ ಪದ

'ಡೆಸಿಮೇಟ್' ಪದದ ಚರ್ಚೆ ಇಂಗ್ಲಿಷಿನ ಶುದ್ಧತಾವಾದಿಗಳಿಗೆ ಬಹಳ ಪ್ರಿಯವಾದುದು. ಲ್ಯಾಟಿನ್ನಿನಲ್ಲಿ 'ದೆಕೆಮ್' ಎಂದರೆ ಹತ್ತು. ದಂಗೆಯೆದ್ದ ಅಥವಾ ಹೇಡಿತನ ತೋರಿದ ಪಡೆಯಲ್ಲಿ ಚೀಟಿಯೆತ್ತಿ ಹತ್ತರಲ್ಲೊಬ್ಬನನ್ನು ಆರಿಸಿ, ಸಹಸೈನಿಕರಿಂದಲೇ ಕೊಲ್ಲಿಸುವ ಶಿಕ್ಷೆ ರೋಮನ್ ಸೈನ್ಯದಲ್ಲಿತ್ತು. ಕ್ರಿಸ್ತಪೂರ್ವ 71ರಲ್ಲಿ ಸ್ಪಾರ್ಟಕಸ್‌ನ ಬಂಡಾಯವನ್ನು ಅಡಗಿಸುವಾಗ ಕ್ರಾಸಸ್ ಈ ಹಳೆಯ ಶಿಕ್ಷೆಯನ್ನು ಮತ್ತೆ ಜಾರಿಗೆ ತಂದನೆಂದು ಪ್ರಾಚೀನ ಇತಿಹಾಸಕಾರರು ಹೇಳುತ್ತಾರೆ. ಇಂಗ್ಲಿಷಿನಲ್ಲಿ ಈ ಪದ ದಶಾಂಶ ತೆರಿಗೆಯನ್ನೂ ಸೂಚಿಸುತ್ತಿತ್ತು. 1655ರಲ್ಲಿ ಕ್ರಾಮ್‌ವೆಲ್ ರಾಜಪಕ್ಷದವರ ಮೇಲೆ ಹೇರಿದ ತೆರಿಗೆಗೆ ಇದೇ ಹೆಸರು.

ಇಂದು ಈ ಪದದ ಅರ್ಥ ಬಹುಭಾಗವನ್ನು ನಾಶಮಾಡುವುದು ಎಂದು. ಹತ್ತರಲ್ಲಿ ಒಂದು ಭಾಗ ಹೋದುದಕ್ಕೆ ಹುಟ್ಟಿದ ಪದ ಒಂದು ಭಾಗ ಮಾತ್ರ ಉಳಿದುದಕ್ಕೆ ಬಳಕೆಯಾಗುವುದು ತಪ್ಪೆಂದು ಕೆಲವರ ವಾದ. ಆದರೆ ನಿಷ್ಪತ್ತಿಯೊಂದೇ ಅರ್ಥವನ್ನು ನಿರ್ಣಯಿಸುವುದಿಲ್ಲ. ಹಾಗಿದ್ದರೆ ಕನ್ನಡದಲ್ಲಿ ಎಳ್ಳಿನದಲ್ಲದ ಯಾವುದನ್ನೂ 'ಎಣ್ಣೆ' ಎನ್ನುವಂತಿರಲಿಲ್ಲ. ಅನುವಾದಕನು ಗಮನಿಸಬೇಕಾದುದು ಬೇರೆ: ಈ ಪದ ಸಮೂಹಕ್ಕೆ ಮಾತ್ರ ಸಲ್ಲುತ್ತದೆ. ಸೈನ್ಯ, ಜನಸಂಖ್ಯೆ, ಹಿಂಡು, ಅರಣ್ಯ ಇವು 'ಡೆಸಿಮೇಟ್' ಆಗಬಹುದು. ಒಂದು ಮನೆ ಆಗದು.

ಜನಾಂಗ ಮತ್ತು ಸ್ಥಳನಾಮಗಳಿಂದ ಬಂದ ಪದಗಳು

455ರಲ್ಲಿ ರೋಮ್ ನಗರವನ್ನು ಸೂರೆಗೈದ ವ್ಯಾಂಡಲರ ಹೆಸರು ಹದಿಮೂರು ಶತಮಾನಗಳ ನಂತರ ಭಾವವಾಚಕವಾಯಿತು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಕಲಾಕೃತಿ, ಗ್ರಂಥಗಳನ್ನು ಹಾಳುಗೆಡಹುವುದನ್ನು ಖಂಡಿಸಿ 1794ರಲ್ಲಿ ಆಬೆ ಗ್ರೆಗ್ವಾರ್ ಎಂಬ ಧರ್ಮಗುರು ಮತ್ತು ಜನಪ್ರತಿನಿಧಿ ಈ ಪದವನ್ನು ಪ್ರಚುರಪಡಿಸಿದನು. ಲಾಭದ ಉದ್ದೇಶವಿಲ್ಲದೆ ಚೆಲುವಾದುದನ್ನೋ ಸಾರ್ವಜನಿಕವಾದುದನ್ನೋ ಕೆಡಿಸುವುದು 'ವ್ಯಾಂಡಲಿಸಂ'. ಎರಡನೆಯ ಮಹಾಯುದ್ಧದಲ್ಲಿ, 1940ರ ನವೆಂಬರ್ 14ರ ರಾತ್ರಿ ಜರ್ಮನರು ಕೊವೆಂಟ್ರಿ ನಗರದ ಮೇಲೆ ಬಾಂಬು ಸುರಿಸಿದ ಬಳಿಕ ಆ ನಗರದ ಹೆಸರಿನಿಂದಲೇ ಒಂದು ಕ್ರಿಯಾಪದ ಹುಟ್ಟಿ, ಕೆಲಕಾಲ ಬಳಕೆಯಲ್ಲಿದ್ದು ಮರೆಯಾಯಿತು.

ಭಾರತೀಯ ಭಾಷೆಗಳಿಂದಲೂ ಇಂಗ್ಲಿಷಿನ ಈ ಪದಸಮೂಹಕ್ಕೆ ಕೊಡುಗೆ ಸಂದಿದೆ. ಹಿಂದಿಯ 'ಲೂಟ್' 18ನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಂಪರ್ಕದಿಂದ ಇಂಗ್ಲಿಷಿಗೆ ಸೇರಿತು. ಕನ್ನಡದ 'ಲೂಟಿ' ಅದರ ಸೋದರಪದ. 'ಜಗ್ಗರ್ನಾಟ್' ಎಂಬುದು ಪುರಿಯ ಜಗನ್ನಾಥನ ಹೆಸರಿನ ವಿಕೃತರೂಪ. 14ನೆಯ ಶತಮಾನದ ಪ್ರವಾಸಿ ಒಡೊರಿಕ್ ಮೊದಲ್ಗೊಂಡು ಯುರೋಪಿನ ಬರಹಗಾರರು ಭಕ್ತರು ರಥದ ಚಕ್ರಗಳಡಿಗೆ ಬೀಳುವರೆಂದು ಬಣ್ಣಿಸಿದುದರ ಫಲವಾಗಿ, ಎದುರಿಗೆ ಬಂದುದನ್ನೆಲ್ಲ ತುಳಿದು ಸಾಗುವ ಶಕ್ತಿಗೆ ಅದು ಹೆಸರಾಯಿತು. ಬ್ರಿಟನ್ನಿನಲ್ಲಿ ದೊಡ್ಡ ಸರಕುಲಾರಿಗೂ ಇದೇ ಹೆಸರಿದೆ. ಇದನ್ನು ಕನ್ನಡಕ್ಕೆ ತರುವಾಗ 'ಜಗನ್ನಾಥ ರಥ' ಎಂದರೆ ಅರ್ಥ ತಲೆಕೆಳಗಾಗುತ್ತದೆ. ಕನ್ನಡಿಗರಿಗೆ ರಥ ಭಕ್ತಿಯ, ಊರೊಟ್ಟಿನ ಉತ್ಸವದ ಸಂಕೇತ; ತಾವೆಲ್ಲ ಸೇರಿ ಎಳೆಯುವ ತೇರು ತಮ್ಮನ್ನು ತುಳಿಯುವ ಯಂತ್ರವಾಗಿ ಅವರಿಗೆ ತೋರದು.

ನಕ್ಷತ್ರ, ತಿರುವು, ಆಹುತಿ

'ಡಿಸಾಸ್ಟರ್' ಪದದಲ್ಲಿ ಕೆಟ್ಟ ನಕ್ಷತ್ರವೊಂದು ಅಡಗಿದೆ. ಕನ್ನಡದ 'ಗ್ರಹಚಾರ'ವೂ ಆಕಾಶದಿಂದಲೇ ಬಂದುದು. ಆದರೆ ಅದು ವ್ಯಕ್ತಿಯ ದುರದೃಷ್ಟಕ್ಕೆ ನಿಂತಿತು, 'ಡಿಸಾಸ್ಟರ್' ಸಮುದಾಯದ ದುರಂತಕ್ಕೆ ಹಬ್ಬಿತು. 2005ರ ಕೇಂದ್ರ ಶಾಸನದ ನಂತರ ಅದಕ್ಕೆ 'ವಿಪತ್ತು' ಎಂಬ ಪಾರಿಭಾಷಿಕ ಸಮಾನಪದ ಆಡಳಿತ ಕನ್ನಡದಲ್ಲಿ ನೆಲೆಗೊಂಡಿದೆ. 'ಕೆಟಾಸ್ಟ್ರಫಿ' ಗ್ರೀಕ್ ಭಾಷೆಯಲ್ಲಿ ಬುಡಮೇಲಾಗುವುದು ಎಂಬ ಅರ್ಥದ್ದು. ಮೊದಲು ನಾಟಕದ ಕಥೆಯ ಅಂತಿಮ ತಿರುವಿಗೆ ಸಲ್ಲುತ್ತಿದ್ದುದು ಬಳಿಕ ನಿಜಜೀವನದ ಅನಾಹುತಕ್ಕೆ ಬಂದಿತು.

'ಹಾಲೊಕಾಸ್ಟ್' ಎಂದರೆ ಗ್ರೀಕಿನಲ್ಲಿ ಇಡಿಯಾಗಿ ಸುಟ್ಟದ್ದು, ಅಂದರೆ ಪೂರ್ಣಾಹುತಿ. ನಾಜಿಗಳು ಸುಮಾರು 60 ಲಕ್ಷ ಯೆಹೂದಿಗಳನ್ನು ಕೊಂದ ಕೃತ್ಯಕ್ಕೆ ಈ ಪದ ರೂಢವಾದರೂ, ಕೊಲೆಗೆ ಬಲಿದಾನದ ಪಾವಿತ್ರ್ಯವನ್ನು ಅದು ಅಂಟಿಸುತ್ತದೆಂದು ಆಕ್ಷೇಪಿಸುವವರು ಮಹಾವಿಪತ್ತು ಎಂಬ ಅರ್ಥದ 'ಶೋಆ' ಎಂಬ ಹೀಬ್ರೂ ಪದವನ್ನು ಬಳಸುತ್ತಾರೆ. ಕನ್ನಡದಲ್ಲಿ ಪ್ರಚಲಿತವಾದ 'ನರಮೇಧ'ಕ್ಕೂ ಇದೇ ಆಕ್ಷೇಪ ಅನ್ವಯಿಸುತ್ತದೆ. 'ಅಶ್ವಮೇಧ'ದಲ್ಲಿರುವಂತೆ 'ಮೇಧ' ಎಂದರೆ ಯಜ್ಞ. ಆದರೆ ಕನ್ನಡದ ಓದುಗರಿಗೆ ಈಗ ಆ ಪದದಲ್ಲಿ ಯಜ್ಞದ ನೆನಪಿಗಿಂತ ಸಾಮೂಹಿಕ ಕೊಲೆಯ ಕ್ರೌರ್ಯವೇ ಮುಂದಾಗಿ ತೋರುತ್ತದೆ.

ಕಾನೂನಿನಲ್ಲಿ ವಿನಾಶದ ಅರ್ಥ

ಪದದ ಅರ್ಥವ್ಯಾಪ್ತಿ ನ್ಯಾಯದ ವ್ಯಾಪ್ತಿಯನ್ನೇ ನಿರ್ಣಯಿಸಿದ ಪ್ರಸಂಗ 'ಜೆನೊಸೈಡ್' ಪದದ್ದು. ಪೋಲೆಂಡಿನ ಯೆಹೂದಿ ನ್ಯಾಯಶಾಸ್ತ್ರಜ್ಞ ರಾಫೆಲ್ ಲೆಮ್ಕಿನ್ 1933ರಲ್ಲಿಯೇ ಎರಡು ಹೊಸ ಅಂತರರಾಷ್ಟ್ರೀಯ ಅಪರಾಧಗಳನ್ನು ಸೂಚಿಸಿದ್ದನು. ಒಂದು ಜನಸಮುದಾಯದ ಮೇಲಿನ ಹಿಂಸೆ 'ಬಾರ್ಬರಿಟಿ'. ಅದರ ಕಲೆ, ಸಂಸ್ಕೃತಿಗಳ ನಾಶ 'ವ್ಯಾಂಡಲಿಸಂ'. 1944ರಲ್ಲಿ ಜನಾಂಗ ಎಂಬ ಅರ್ಥದ ಗ್ರೀಕ್ ಪದಕ್ಕೆ ಕೊಲೆ ಎಂಬ ಅರ್ಥದ ಲ್ಯಾಟಿನ್ ಪ್ರತ್ಯಯವನ್ನು ಸೇರಿಸಿ 'ಜೆನೊಸೈಡ್' ಎಂಬ ಪದವನ್ನು ರಚಿಸಿದಾಗ, ಅವನ ಕಲ್ಪನೆಯಲ್ಲಿ ಈ ಎರಡೂ ಸೇರಿದ್ದವು. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಒಡಂಬಡಿಕೆಯಲ್ಲಿ ರಾಷ್ಟ್ರೀಯ, ಬುಡಕಟ್ಟಿನ, ಜನಾಂಗೀಯ ಅಥವಾ ಧಾರ್ಮಿಕ ಸಮೂಹವೊಂದನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ 'ಡಿಸ್ಟ್ರಾಯ್' ಮಾಡುವ ಉದ್ದೇಶವೇ ಅಪರಾಧದ ತಿರುಳಾಯಿತು. ಸಾಂಸ್ಕೃತಿಕ ವಿನಾಶವನ್ನು ಚರ್ಚೆಯ ಹಂತದಲ್ಲಿ ಕೈಬಿಡಲಾಯಿತು. ಭಾರತ 1959ರಲ್ಲಿ ಈ ಒಡಂಬಡಿಕೆಯನ್ನು ಅನುಮೋದಿಸಿತು.

ಹಾಗಾದರೆ ಸಮೂಹವೊಂದನ್ನು 'ಡಿಸ್ಟ್ರಾಯ್' ಮಾಡುವುದೆಂದರೇನು? ಭಾಷೆ, ಗ್ರಂಥಾಲಯ, ಪೂಜಾಸ್ಥಳಗಳು ಅಳಿದು ಜನ ಚದುರಿಹೋದರೆ, ಬದುಕಿದವರಿದ್ದರೂ ಸಮೂಹ ಉಳಿಯಿತೆನ್ನಬಹುದೇ? 1995ರ ಸ್ರೆಬ್ರೆನಿತ್ಸಾ ಹತ್ಯಾಕಾಂಡದ ಸಂಬಂಧ ಕ್ರಿಸ್ಟಿಚ್ ಎಂಬ ಸೇನಾಧಿಕಾರಿಯ ವಿಚಾರಣೆ ನಡೆಸಿದ ಅಂತರರಾಷ್ಟ್ರೀಯ ನ್ಯಾಯಮಂಡಲಿ 2001ರ ತೀರ್ಪಿನಲ್ಲಿ ಇದಕ್ಕೆ ಉತ್ತರಿಸಿತು. ಒಡಂಬಡಿಕೆಯಲ್ಲಿನ ವಿನಾಶವೆಂದರೆ ಭೌತಿಕ ಅಥವಾ ಜೈವಿಕ ವಿನಾಶ ಮಾತ್ರ. ಆದರೆ ಸಾಂಸ್ಕೃತಿಕ, ಧಾರ್ಮಿಕ ಆಸ್ತಿಗಳ ಮೇಲೆ ಏಕಕಾಲದಲ್ಲಿ ನಡೆಯುವ ದಾಳಿ ಕೊಲೆಗಾರರ ಉದ್ದೇಶಕ್ಕೆ ಸಾಕ್ಷ್ಯವಾಗಬಹುದು ಎಂಬುದು ಅದರ ನಿಲುವು. 2007ರಲ್ಲಿ ಬೋಸ್ನಿಯಾ ಮತ್ತು ಸೆರ್ಬಿಯಾಗಳ ವ್ಯಾಜ್ಯದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೂ ಇದನ್ನೇ ಅನುಸರಿಸಿತು. ಸ್ಮಾರಕಗಳ ನಾಶ ಬೇರೆ ಕಾನೂನಿನಡಿಯಲ್ಲಿ ಶಿಕ್ಷಾರ್ಹವಾಗಿದೆ. ಟಿಂಬಕ್ಟುವಿನ ಗೋರಿಗುಡಿಗಳನ್ನು ಕೆಡವಿದುದಕ್ಕಾಗಿ ಅಹ್ಮದ್ ಅಲ್ ಮಹ್ದಿಗೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2016ರಲ್ಲಿ ಒಂಬತ್ತು ವರ್ಷಗಳ ಸೆರೆಮನೆಯನ್ನು ವಿಧಿಸಿದುದು ಯುದ್ಧಾಪರಾಧವೆಂಬ ಆಧಾರದ ಮೇಲೆ. ಲೆಮ್ಕಿನ್ ಜೋಡಿಸಿದ್ದ ಎರಡು ಭಾವಗಳು ಕಾನೂನಿನಲ್ಲಿ ಹೀಗೆ ಬೇರೆಯಾಗಿಯೇ ಉಳಿದಿವೆ. ಕನ್ನಡದಲ್ಲಿ ಪತ್ರಿಕೆಗಳು ಯಾವುದೇ ಸಾಮೂಹಿಕ ಕೊಲೆಯನ್ನು 'ನರಮೇಧ' ಎನ್ನುವ ರೂಢಿಯಿರುವುದರಿಂದ, ಉದ್ದೇಶವನ್ನು ಪ್ರಧಾನವಾಗುಳ್ಳ ಈ ಪಾರಿಭಾಷಿಕ ಅಪರಾಧಕ್ಕೆ 'ಜನಾಂಗಹತ್ಯೆ' ಎಂಬ ಪ್ರತ್ಯೇಕ ಪದವನ್ನು ಕಾಯ್ದಿರಿಸುವುದು ಸಮಂಜಸ.

ನಾಶ, ಧ್ವಂಸ, ಸಂಹಾರ

ಕನ್ನಡ ಬಳಸುವ ಸಂಸ್ಕೃತ ಪದಗಳಿಗೂ ಅವುಗಳದೇ ಆದ ಚಿತ್ರಗಳಿವೆ. 'ನಶ್' ಧಾತುವಿನ ಮೂಲಾರ್ಥ ಕಾಣೆಯಾಗು, ಕಳೆದುಹೋಗು. ಅಪರಾಧದ ಸಾಕ್ಷ್ಯವನ್ನು ಮರೆಮಾಚುವುದಕ್ಕೆ ಇಂಗ್ಲಿಷ್ ಶಾಸನವು ಕಾಣೆಯಾಗಿಸುವುದು ಎಂಬ ಮಾತನ್ನು ಬಳಸಿದರೆ, ಕನ್ನಡದಲ್ಲಿ ರೂಢವಾದ 'ಸಾಕ್ಷ್ಯನಾಶ' ಅದಕ್ಕೆ ಧಾತ್ವರ್ಥದಲ್ಲಿಯೇ ಸರಿಹೊಂದುತ್ತದೆ. 'ಧ್ವಂಸ್' ಎಂದರೆ ಚೂರಾಗಿ ಉದುರು. ನ್ಯಾಯದರ್ಶನದಲ್ಲಿ 'ಪ್ರಧ್ವಂಸಾಭಾವ' ಎಂಬುದು ವಸ್ತು ನಾಶವಾದ ಬಳಿಕ ಉಂಟಾಗುವ ಅಭಾವ. ಅದಕ್ಕೆ ಆದಿಯಿದೆ, ಅಂತ್ಯವಿಲ್ಲ. ಒಡೆದ ಮಡಕೆಯ ತುಂಡುಗಳಿಂದ ಹೊಸ ಮಡಕೆ ಮಾಡಿದರೂ ಹಳೆಯದು ಮರಳದು. 'ಸಂಹಾರ' ಎಂಬುದರಲ್ಲಿ ಒಟ್ಟುಗೂಡಿಸು, ಒಳಗೆ ಸೆಳೆದುಕೊಳ್ಳು ಎಂಬ ಭಾವವಿದೆ. ಶಿವನನ್ನು ಇಂಗ್ಲಿಷಿನಲ್ಲಿ 'ಡಿಸ್ಟ್ರಾಯರ್' ಎಂದಾಗ ಈ ಉಪಸಂಹಾರದ ಅರ್ಥ ಜಾರಿ, ಕಟ್ಟಿದ್ದನ್ನು ಒಡೆಯುವವನೆಂಬ ಅರ್ಥ ಉಳಿಯುತ್ತದೆ. ಅಣುಬಾಂಬಿನ ವಿಜ್ಞಾನಿ ಓಪನ್‌ಹೈಮರ್ 1965ರ ದೂರದರ್ಶನ ಸಂದರ್ಶನದಲ್ಲಿ ಭಗವದ್ಗೀತೆಯನ್ನು ಉಲ್ಲೇಖಿಸಿದಾಗಲೂ ಇಂಥದೇ ಪಲ್ಲಟ ನಡೆಯಿತು. ಮೂಲದ 'ಕಾಲ' ಇಂಗ್ಲಿಷಿನಲ್ಲಿ ಮೃತ್ಯುವಾಯಿತು, 'ಕ್ಷಯ' ವಿನಾಶವಾಯಿತು.

ಪ್ರಯೋಗದ ಸೂಕ್ಷ್ಮಗಳು

ಇಂಗ್ಲಿಷಿನಲ್ಲಿ 'ಡ್ಯಾಮೇಜ್' ಮತ್ತು 'ಡಿಸ್ಟ್ರಾಯ್'ಗಳ ಭೇದ ಸ್ಪಷ್ಟ. ಹಾನಿಗೊಂಡುದನ್ನು ದುರಸ್ತಿ ಮಾಡಬಹುದು. ನಾಶವಾದುದನ್ನು ಮತ್ತೆ ಕಟ್ಟಬೇಕು. ವಿಪತ್ತು ಪರಿಹಾರದ ಕೇಂದ್ರ ಮಾನದಂಡಗಳು ಮನೆಗಳನ್ನು ಸಂಪೂರ್ಣ, ತೀವ್ರ ಮತ್ತು ಭಾಗಶಃ ಹಾನಿಯ ವರ್ಗಗಳಾಗಿ ವಿಂಗಡಿಸುತ್ತವೆ; ಬೆಳೆಯ ವಿಷಯದಲ್ಲಿ ಶೇಕಡಾ 33ರಷ್ಟು ನಷ್ಟವಾಗಿದ್ದರೆ ಮಾತ್ರ ಇನ್‌ಪುಟ್ ಸಬ್ಸಿಡಿಗೆ ಅರ್ಹತೆ; 2015ಕ್ಕೆ ಮೊದಲು ಈ ಮಿತಿ ಶೇಕಡಾ 50 ಇತ್ತು. ಪ್ರವಾಹಪೀಡಿತ ಗ್ರಾಮದಲ್ಲಿ 'ಮನೆ ಹಾಳಾಗಿದೆ' ಎಂದು ಸಂತ್ರಸ್ತರು ಹೇಳುವ ಮಾತು ಗೋಡೆ ಬಿರುಕುಬಿಟ್ಟುದಕ್ಕೂ ಸಲ್ಲುತ್ತದೆ, ಮನೆಯೇ ಕೊಚ್ಚಿಹೋದುದಕ್ಕೂ ಸಲ್ಲುತ್ತದೆ. ಪಂಚನಾಮೆಯಲ್ಲಿ ಅದು ಯಾವ ಪದವಾಗಿ ದಾಖಲಾಗುತ್ತದೆ ಎಂಬುದರ ಮೇಲೆ ಪರಿಹಾರದ ಮೊತ್ತ ನಿಂತಿರುತ್ತದೆ.

ಆಸ್ತಿಗೆ ಹಾನಿಮಾಡುವ ಅಪರಾಧದ ಲಕ್ಷಣ 1860ರ ಭಾರತೀಯ ದಂಡಸಂಹಿತೆಯಿಂದ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಗೆ ಮುಂದುವರಿದಿದೆ. ಅದರ ಪ್ರಕಾರ ವಸ್ತುವಿನ ನಾಶವಲ್ಲದೆ, ಅದರ ಬೆಲೆಯನ್ನು ಅಥವಾ ಉಪಯುಕ್ತತೆಯನ್ನು ಕುಗ್ಗಿಸುವ ಬದಲಾವಣೆಯೂ ಅಪರಾಧವಾಗುತ್ತದೆ. ಕಾನೂನಿನ ದೃಷ್ಟಿಯಲ್ಲಿ ವಸ್ತು ಉಳಿದೂ ಅದರ ಮೌಲ್ಯ ನಾಶವಾಗಬಹುದು.

'ಡಿಸ್ಟ್ರಾಯರ್' ಎಂಬ ಯುದ್ಧನೌಕೆಯ ಹೆಸರು 19ನೆಯ ಶತಮಾನದ ಕೊನೆಯಲ್ಲಿ ಟಾರ್ಪೆಡೊ ದೋಣಿಗಳನ್ನು ನಾಶಪಡಿಸಲು ನಿರ್ಮಿಸಿದ ಹಡಗುಗಳಿಂದ ಬಂದುದು. 1999ರಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್ ಮೈಸೂರು ಈ ವರ್ಗದ್ದು. ಕನ್ನಡ ಪತ್ರಿಕೆಗಳಲ್ಲಿ ಇಂಥ ನೌಕೆ 'ವಿಧ್ವಂಸಕ'. ಭಯೋತ್ಪಾದಕರದೂ 'ವಿಧ್ವಂಸಕ ಕೃತ್ಯ'. ಒಂದೇ ವಿಶೇಷಣ ರಕ್ಷಕನಿಗೂ ಘಾತುಕನಿಗೂ ಸಂದಿದೆ. ಗಾಯಗೊಂಡ ಕುದುರೆಯನ್ನು ನೋವಿನಿಂದ ಬಿಡಿಸಲು ಕೊಲ್ಲುವುದಕ್ಕೂ ಇಂಗ್ಲಿಷ್ 'ಡಿಸ್ಟ್ರಾಯ್' ಎನ್ನುತ್ತದೆ. ಅಲ್ಲಿ ಕನ್ನಡಕ್ಕೆ 'ದಯಾಮರಣ' ಬೇಕು. ಅರ್ಥಶಾಸ್ತ್ರಜ್ಞ ಶುಂಪೇಟರ್ 1942ರಲ್ಲಿ ಬಳಕೆಗೆ ತಂದ 'ಸೃಜನಾತ್ಮಕ ವಿನಾಶ' ಎಂಬ ಪರಿಕಲ್ಪನೆಯಲ್ಲಿ ಹಳೆಯ ಉದ್ಯಮಗಳ ಅಳಿವು ಹೊಸದರ ಹುಟ್ಟಿಗೆ ದಾರಿಯಾಗುತ್ತದೆ. ಕೆಲಸ ಕಳೆದುಕೊಂಡ ಕಾರ್ಮಿಕನ ದೃಷ್ಟಿಯಲ್ಲಿ ವಿಶೇಷಣಕ್ಕಿಂತ ವಿಶೇಷ್ಯವೇ ಸತ್ಯ.

'ಸಮೂಹನಾಶಕ ಅಸ್ತ್ರ' ಎಂದು ಅನುವಾದಗೊಳ್ಳುವ ಇಂಗ್ಲಿಷ್ ಪದಪುಂಜ 1937ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸ್ಪೇನ್ ಮತ್ತು ಚೀನಾಗಳಲ್ಲಿನ ವೈಮಾನಿಕ ದಾಳಿಗಳನ್ನು ಕುರಿತು ಆಡಿದ ಮಾತಿನಲ್ಲಿ ಕಾಣಿಸಿತು. ಆಗ ಅದು ಸಾಮಾನ್ಯ ಬಾಂಬುಗಳನ್ನು ಉದ್ದೇಶಿಸಿತ್ತು. 1946ರ ಬಳಿಕ ವಿಶ್ವಸಂಸ್ಥೆಯ ಕಲಾಪಗಳಲ್ಲಿ ಪರಮಾಣು, ರಾಸಾಯನಿಕ, ಜೈವಿಕ ಅಸ್ತ್ರಗಳಿಗೆ ಸೀಮಿತವಾಯಿತು. 2003ರ ಇರಾಕ್ ಯುದ್ಧಕ್ಕೆ ಅದೇ ಸಮರ್ಥನೆಯಾಯಿತು. ಆದರೆ ಹೇಳಲಾದ ಅಸ್ತ್ರಸಂಗ್ರಹ ಅಲ್ಲಿ ದೊರೆಯಲಿಲ್ಲ. ಇದಕ್ಕೆ ವಿರುದ್ಧವಾಗಿ ನಾಗರಿಕರ ಸಾವನ್ನು 'ಕೊಲ್ಯಾಟರಲ್ ಡ್ಯಾಮೇಜ್' ಎಂದು ಕರೆಯುವ ಸೈನಿಕ ಪರಿಭಾಷೆಯಲ್ಲಿ ಮನುಷ್ಯರ ಅಳಿವು ವಸ್ತುಗಳ ಹಾನಿಯಾಗಿ ಇಳಿಯುತ್ತದೆ. 'ಪೂರಕ ಹಾನಿ' ಎಂಬ ಶಬ್ದಶಃ ಅನುವಾದ ಆ ಮರೆಮಾಚುವಿಕೆಯನ್ನೂ ಆಮದು ಮಾಡಿಕೊಳ್ಳುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ವಿನಾಶವಾಚಕ ಪದವೊಂದನ್ನು ಅನುವಾದಿಸುವಾಗ ನಾಲ್ಕು ಪ್ರಶ್ನೆಗಳು ಅಗತ್ಯವೆಂದು ತಿಳಿದುಬರುತ್ತದೆ: ನಾಶವಾದುದು ಏನು, ಎಷ್ಟು ಭಾಗ ಉಳಿದಿದೆ, ಮಾಡಿದವರು ಇದ್ದಾರೆಯೇ, ಉದ್ದೇಶವಿತ್ತೇ. 'ಡೆಮಾಲಿಶ್' ಮತ್ತು 'ರೂಯಿನ್'ಗಳ ಅಂತರ ಮೂರನೆಯ ಪ್ರಶ್ನೆಯಲ್ಲಿದೆ. 'ಎಲಿಮಿನೇಷನ್' ಮತ್ತು 'ಎರಾಡಿಕೇಷನ್'ಗಳದು ಎರಡನೆಯದರಲ್ಲಿದೆ. 'ನರಮೇಧ' ಮತ್ತು 'ಜನಾಂಗಹತ್ಯೆ'ಗಳದು ನಾಲ್ಕನೆಯದರಲ್ಲಿದೆ. 1894ರಲ್ಲಿ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾದಂದಿನಿಂದ ದ್ವಿಭಾಷಾ ಕೋಶಗಳ ಪರಂಪರೆ ಕನ್ನಡದಲ್ಲಿ ಭದ್ರವಾಗಿ ಬೆಳೆದಿದೆ. ಮುಂದಿನ ಕೋಶಗಳು ಸಮಾನಪದಗಳ ಸಾಲನ್ನು ಕೊಡುವುದರ ಜೊತೆಗೆ, ಯಾವ ಪದಕ್ಕೆ ಯಾವ ಕರ್ಮ ಸಲ್ಲುತ್ತದೆ ಮತ್ತು ಯಾವ ಕ್ಷೇತ್ರದಲ್ಲಿ ಅದು ಪಾರಿಭಾಷಿಕವಾಗಿದೆ ಎಂಬುದನ್ನು ಉದಾಹರಣೆಗಳಿಂದ ಸೂಚಿಸಬೇಕಾಗಿದೆ. ಕೆಡು, ಅಳಿ, ಹಾಳಾಗು, ಕುಸಿ, ಕೊಚ್ಚಿಹೋಗು, ಕೆಡವು ಮುಂತಾದ ದೇಶ್ಯ ಕ್ರಿಯಾಪದಗಳಲ್ಲಿ ಈ ಭೇದಗಳನ್ನು ಹೇಳುವ ಶಕ್ತಿ ಈಗಾಗಲೇ ಇದೆ. ಆಡಳಿತ, ಆರೋಗ್ಯ ಮತ್ತು ನ್ಯಾಯಾಂಗದ ಕನ್ನಡ ಅದನ್ನು ಬಳಸಿಕೊಂಡರೆ, ಪ್ರವಾಹದಲ್ಲಿ ಮನೆ ಕಳೆದುಕೊಂಡವನ ಅರ್ಜಿಯೂ ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪಿನ ಅನುವಾದವೂ ತಮಗೆ ಬೇಕಾದ ನಿಖರತೆಯನ್ನು ಪಡೆಯುತ್ತವೆ.